ಚಿನ್ನಕ್ಕೆ ಅಂಗಿ ತೊಡಿಸುವುದು ಯಾಕೆ?

ಪ್ರಶ್ನೆ: ನಾನು ಉಡುಪಿಯಲ್ಲಿ ಚಿನ್ನದ ಕೆಲಸ ಮಾಡುವವನು. ಅಪ್ಪನ ಕಾಲದಿಂದ ರಥಬೀದಿಯ ಹತ್ತಿರ ಚಿಕ್ಕ ಅಂಗಡಿ ಇದೆ. ಮಗಳು ಮಂಗಳೂರಿನಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದಾಳೆ. ಮೊನ್ನೆ ಮನೆಗೆ ಬಂದವಳು ಮೊಬೈಲಿನಲ್ಲಿ ಕೆಂಪು ನೀರಿನ ಬಾಟಲಿ ತೋರಿಸಿ "ಅಪ್ಪ, ಇದು ಚಿನ್ನ" ಎಂದಳು. ಅದಕ್ಕೆ ಪಾಲಿಮರ್ ಹೊದಿಸಿ ರಕ್ತದಲ್ಲಿ ರೋಗ ಹುಡುಕುವುದು ಅವಳ ಪ್ರಾಜೆಕ್ಟ್ ಅಂತೆ. ಮೂವತ್ತು ವರ್ಷ ಚಿನ್ನ ಮುಟ್ಟಿದ್ದೇನೆ, ಕೆಂಪು ನೀರಿನ ಚಿನ್ನ ನೋಡಿದವನಲ್ಲ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಮತ್ತೆ ಪ್ಲಾಸ್ಟಿಕ್ ಹೊದಿಕೆ ಯಾಕೆ? ಮುಚ್ಚಿದ ಮೇಲೆ ಅದಕ್ಕೆ ರೋಗ ಗೊತ್ತಾಗುವುದಾದರೂ ಹೇಗೆ? ಇದು ಸ್ವರ್ಣಭಸ್ಮದ ಹಾಗೆಯಾ? ಚಿನ್ನ ಸುಮ್ನೆ ಹಾಳಾಗುವುದಿಲ್ಲವಾ? ಅವಳನ್ನು ಕೇಳಿದರೆ ಅರ್ಧ ಇಂಗ್ಲಿಷಿನಲ್ಲಿ ಹೇಳುತ್ತಾಳೆ, ನನಗೆ ತಲೆಗೆ ಹೋಗುವುದಿಲ್ಲ.

ಉತ್ತರ: ಆಚಾರ್ಯರೇ, ಮೊದಲು ಬಣ್ಣದ ವಿಷಯ ಮುಗಿಸೋಣ. ಇದರಲ್ಲಿ ಅರ್ಧ ನಿಮಗೆ ಗೊತ್ತಿರುವುದೇ.

ಹಳೆ ಚಿನ್ನ ಶುದ್ಧ ಮಾಡುವವರು ಏನು ಮಾಡುತ್ತಾರೆ? ಒಂದು ಪಾಲು ನೈಟ್ರಿಕ್ ಆಸಿಡ್, ಮೂರು ಪಾಲು ಹೈಡ್ರೋಕ್ಲೋರಿಕ್ ಆಸಿಡ್ ಸೇರಿಸಿ ಚಿನ್ನ ಕರಗಿಸುತ್ತಾರೆ. ಹಳದಿ ದ್ರವ ಬರುತ್ತದೆ. ಅದಕ್ಕೆ ಅನ್ನಭೇದಿ (ಕಬ್ಬಿಣದ ಒಂದು ಉಪ್ಪು) ಹಾಕಿದರೆ ಕಂದು ಪುಡಿ ಅಡಿಗೆ ಕೂರುತ್ತದೆ. ಗೊತ್ತಿಲ್ಲದವರು ಮಣ್ಣು ಎಂದು ಚೆಲ್ಲಿಬಿಟ್ಟಾರು. ಮೂಸೆಯಲ್ಲಿಟ್ಟು ಕಾಯಿಸಿದರೆ ಅದೇ ಹಳದಿ ಚಿನ್ನ. ಚಿನ್ನ ಯಾವಾಗಲೂ ಹಳದಿಯಾಗಿಯೇ ಕಾಣಬೇಕಿಲ್ಲ ಎನ್ನುವುದಕ್ಕೆ ನಿಮ್ಮ ಕಸುಬಿನಲ್ಲೇ ಸಾಕ್ಷಿ ಇದೆ.

ನಿಮ್ಮ ಮಗಳು ಮಾಡುವುದೂ ಇದನ್ನೇ. ಆ ಹಳದಿ ಚಿನ್ನದ ಉಪ್ಪನ್ನು ಸ್ವಲ್ಪವೇ ಸ್ವಲ್ಪ ತೆಗೆದುಕೊಂಡು ನೀರಿನಲ್ಲಿ ಕುದಿಸುತ್ತಾಳೆ. ಅನ್ನಭೇದಿಯ ಬದಲು ಸಿಟ್ರೇಟ್ ಹಾಕುತ್ತಾಳೆ. ಲಿಂಬೆಯಲ್ಲಿರುವ ಹುಳಿಯ ಉಪ್ಪು ಅದು. ಹಳದಿ ಮಾಯವಾಗುತ್ತದೆ. ಸ್ವಲ್ಪ ಹೊತ್ತು ನೀರು ಬಣ್ಣವಿಲ್ಲದೆ ಇರುತ್ತದೆ. ಆಮೇಲೆ ಮಸಿಯಂಥ ಕಪ್ಪು ನೀಲಿ. ಹತ್ತು ನಿಮಿಷ ಕಳೆಯುವುದರೊಳಗೆ ಪುನರ್ಪುಳಿ ಶರಬತ್ತಿನ ಕೆಂಪು. 1951ರಲ್ಲಿ ಜಾನ್ ಟರ್ಕೆವಿಚ್ ಮತ್ತು ಅವರ ಜೊತೆಗಾರರು ವಿವರವಾಗಿ ಬರೆದಿಟ್ಟ ವಿಧಾನ ಇದು. ನಾನು ಎಷ್ಟು ಸಲ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೂ ಆ ಕೆಂಪು ಬರುವ ಹೊತ್ತಿಗೆ ಇವತ್ತಿಗೂ ಫ್ಲಾಸ್ಕಿನ ಎದುರು ಹೋಗಿ ನಿಲ್ಲುತ್ತೇನೆ.

ಕಂದು ಪುಡಿಗೂ ಕೆಂಪು ನೀರಿಗೂ ಇರುವ ವ್ಯತ್ಯಾಸ ಗಾತ್ರದ್ದು. ನಿಮ್ಮ ಪುಡಿಯಲ್ಲಿ ಕಣಗಳು ಬೆಳೆದು, ಒಂದಕ್ಕೊಂದು ಅಂಟಿ ಗಂಟಾಗಿರುತ್ತವೆ. ಇಲ್ಲಿ ಕಣ ಸುಮಾರು 13 ನ್ಯಾನೋಮೀಟರ್ ಆಗುವಾಗ ಬೆಳವಣಿಗೆ ನಿಲ್ಲುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ತಲೆಕೂದಲಿನ ದಪ್ಪದಷ್ಟು ಜಾಗದಲ್ಲಿ ಸಾಲಾಗಿ ಇಟ್ಟರೆ ಸುಮಾರು ಆರು ಸಾವಿರ ಕಣ ಹಿಡಿಸುತ್ತವೆ. ಸಿಟ್ರೇಟ್ ಕಡಿಮೆ ಹಾಕಿದರೆ ಕಣ ದೊಡ್ಡದಾಗುತ್ತದೆ. 1973ರಲ್ಲಿ ಫ್ರೆನ್ಸ್ ಎನ್ನುವವರು ಇದನ್ನು ತೋರಿಸಿದರು.

ಇಷ್ಟು ಚಿಕ್ಕ ಚಿನ್ನದ ಮೇಲೆ ಬೆಳಕು ಬಿದ್ದರೆ ಅದರೊಳಗಿನ ಎಲೆಕ್ಟ್ರಾನುಗಳೆಲ್ಲ ಒಟ್ಟಿಗೆ ಆಚೆ ಈಚೆ ತೂಗುತ್ತವೆ. ಆ ತೂಗಾಟಕ್ಕೆ ಸರಿಹೊಂದುವುದು ಹಸಿರು ಬೆಳಕು. ಅದರ ಅಲೆಯ ಉದ್ದ 520 ನ್ಯಾನೋಮೀಟರ್ ಆಸುಪಾಸು. ಕಣ ಆ ಹಸಿರನ್ನು ನುಂಗುತ್ತದೆ, ಉಳಿದ ಕೆಂಪು ನಮ್ಮ ಕಣ್ಣಿಗೆ ಬರುತ್ತದೆ. ಈ ಕೆಂಪಿಗೆ ಕಾರಣ ತುಂಬ ಚಿಕ್ಕ ಚಿನ್ನದ ಕಣಗಳು ಎಂದು ಮೈಕೆಲ್ ಫ್ಯಾರಡೆ 1857ರಲ್ಲೇ ಹೇಳಿದ್ದ. ಅವನು ಮಾಡಿದ ಕೆಂಪು ಚಿನ್ನದ ಬಾಟಲಿಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಇನ್ನೂ ಇವೆ. ನಿಮ್ಮ ಹತ್ತಿರ ಚಿನ್ನದ ರೇಕು ಇದ್ದರೆ ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಆಚೆಯಿಂದ ಬರುವ ಬೆಳಕು ಹಸಿರು ನೀಲಿಯಾಗಿ ಕಾಣುತ್ತದೆ.

ಈಗ ಮುಖ್ಯವಾದ ಇನ್ನೊಂದು ಮಾತು. ಎರಡು ಕಣ ತೀರಾ ಹತ್ತಿರ ಬಂದರೆ ಬಣ್ಣ ಬದಲಾಗುತ್ತದೆ. ಮಳೆಗಾಲದ ರಜೆಯಲ್ಲಿ ಮಲ್ಪೆಯಲ್ಲಿ ಬೋಟುಗಳನ್ನು ಒಂದಕ್ಕೊಂದು ಕಟ್ಟಿ ನಿಲ್ಲಿಸಿರುತ್ತಾರಲ್ಲ, ಒಂಟಿ ದೋಣಿಯ ಹಾಗೆ ಅವು ಚುರುಕಾಗಿ ಓಲಾಡುವುದಿಲ್ಲ. ಎಲ್ಲ ಸೇರಿ ನಿಧಾನಕ್ಕೆ ತೂಗುತ್ತವೆ. ಎಲೆಕ್ಟ್ರಾನುಗಳ ಕಥೆಯೂ ಹೀಗೆಯೇ. ಕಣಗಳು ಗುಂಪು ಕಟ್ಟಿದಾಗ ತೂಗಾಟ ನಿಧಾನವಾಗುತ್ತದೆ, ನುಂಗುವ ಬೆಳಕು ಹಸಿರಿನಿಂದ ಕೆಂಪಿನ ಕಡೆಗೆ ಜಾರುತ್ತದೆ. ಕೆಂಪು ಹೋಗಿ ನೇರಳೆ ಹಣ್ಣಿನ ಬಣ್ಣ, ಆಮೇಲೆ ಬೂದು ನೀಲಿ. ಬರಿಗಣ್ಣಿಗೇ ಕಾಣುತ್ತದೆ, ಯಂತ್ರ ಬೇಡ. ರೋಗ ಹುಡುಕುವವರಿಗೆ ಚಿನ್ನದ ಮೇಲೆ ಇಷ್ಟು ಪ್ರೀತಿ ಇರುವುದು ಇದಕ್ಕೇ.

ತೊಂದರೆ ಶುರುವಾಗುವುದೂ ಇಲ್ಲೇ. ಬರೀ ಸಿಟ್ರೇಟ್ ಅಂಟಿಕೊಂಡ ಚಿನ್ನ ತುಂಬ ನಾಜೂಕು. ಸಿಟ್ರೇಟಿನಿಂದ ಪ್ರತಿ ಕಣಕ್ಕೂ ಋಣ ವಿದ್ಯುತ್ತು ಇರುತ್ತದೆ, ಹಾಗಾಗಿ ಕಣಗಳು ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತಿರುತ್ತವೆ. ಉಪ್ಪು ಬಿತ್ತೋ, ಕಥೆ ಮುಗಿಯಿತು. ಉಪ್ಪಿನ ಸೋಡಿಯಂ ಕಣದ ಸುತ್ತ ಮುತ್ತಿಕೊಂಡು ಆ ತಳ್ಳಾಟವನ್ನು ಅಡಗಿಸುತ್ತದೆ. ಕಣಗಳು ಢಿಕ್ಕಿ ಹೊಡೆದು ಅಂಟಿಕೊಳ್ಳುತ್ತವೆ. ನೀವು ಇದನ್ನು ಕಣ್ಣಾರೆ ಕಂಡಿದ್ದೀರಿ, ಹೆಸರು ಗೊತ್ತಿರಲಿಕ್ಕಿಲ್ಲ ಅಷ್ಟೆ. ಆಷಾಢದಲ್ಲಿ ನೇತ್ರಾವತಿ ಕೆಂಪು ಮಣ್ಣು ಹೊತ್ತು ಬರುತ್ತದೆ. ಸಿಹಿನೀರಿನಲ್ಲಿ ಆ ಸಣ್ಣ ಮಣ್ಣು ಎಷ್ಟು ಹೊತ್ತಾದರೂ ತಳಕ್ಕೆ ಕೂರುವುದಿಲ್ಲ. ಅಳಿವೆಯಲ್ಲಿ ಸಮುದ್ರದ ಉಪ್ಪುನೀರು ಸೇರಿದ ಕೂಡಲೇ ಕಣಗಳು ಒಂದಕ್ಕೊಂದು ಅಂಟಿ ಕೆಸರಾಗಿ ಕೆಳಗೆ ಇಳಿಯುತ್ತವೆ. ಅಳಿವೆಯಲ್ಲಿ ಹೂಳು ತುಂಬುವುದಕ್ಕೆ ಇದೂ ಒಂದು ಕಾರಣ. ಜೇಡಿಮಣ್ಣಿನ ಕಣಕ್ಕೂ ಋಣ ವಿದ್ಯುತ್ತೇ ಇರುವುದು. ನಿಮ್ಮ ಉಡುಪಿಯ ಸ್ವರ್ಣಾ ನದಿಯ ಮಣ್ಣಿಗೂ ನಿಮ್ಮ ಮಗಳ ಸ್ವರ್ಣಕ್ಕೂ ಒಂದೇ ನಿಯಮ ನೋಡಿ.

ರಕ್ತದಲ್ಲಿ ಎಷ್ಟು ಉಪ್ಪಿದೆ? ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟಲಿಯಲ್ಲಿ ನೂರು ಮಿಲಿಲೀಟರಿಗೆ 0.9 ಗ್ರಾಂ ಉಪ್ಪು. ರಕ್ತಕ್ಕೆ ಹೊಂದುವ ಹದ ಅದು. ಹೊದಿಕೆ ಇಲ್ಲದ ಚಿನ್ನಕ್ಕೆ ಇದರ ಅರ್ಧವೂ ಬೇಡ, ನೀಲಿಯಾಗಿ ಕೂತುಬಿಡುತ್ತದೆ. ರೋಗ ಇದೆಯೋ ಇಲ್ಲವೋ, ಯಾರ ರಕ್ತ ಹಾಕಿದರೂ ಉಪ್ಪಿಗೇ ಬಣ್ಣ ಬದಲಾದರೆ ಆ ಪರೀಕ್ಷೆಯಿಂದ ಏನು ಪ್ರಯೋಜನ?

ಇನ್ನೊಂದು ಕಾಟ ಪ್ರೊಟೀನಿನದು. ರಕ್ತದ ತುಂಬ ಪ್ರೊಟೀನ್. ಬರಿಮೈ ಚಿನ್ನ ಕಂಡರೆ ಸಿಕ್ಕಿದ್ದೆಲ್ಲ ಬಂದು ಅಂಟಿಕೊಳ್ಳುತ್ತದೆ. ನಮಗೆ ಬೇಕಾದ ರೋಗದ ಗುರುತು ಬರುವ ಹೊತ್ತಿಗೆ ಕೂರಲು ಜಾಗವೇ ಇರುವುದಿಲ್ಲ. ತುಕ್ಕಿನ ಭಯದಿಂದ ಹೊದಿಸುವುದಲ್ಲ ಆಚಾರ್ಯರೇ, ಈ ಎರಡು ಕಾಟಕ್ಕೆ.

ಪಾಲಿಮರ್ ಎಂದ ಕೂಡಲೇ ಪ್ಲಾಸ್ಟಿಕ್ ಚೀಲ ನೆನಪು ಮಾಡಿಕೊಳ್ಳಬೇಡಿ. ಒಂದೇ ತರದ ಚಿಕ್ಕ ತುಂಡುಗಳು ಸರದ ಕೊಂಡಿಗಳ ಹಾಗೆ ಉದ್ದಕ್ಕೆ ಸೇರಿದ್ದೆಲ್ಲ ಪಾಲಿಮರ್ರೇ. ಕುಚ್ಚಲಕ್ಕಿ ಗಂಜಿಯ ತಿಳಿಯಲ್ಲಿರುವ ಪಿಷ್ಟ ಪಾಲಿಮರ್. ಹತ್ತಿ ನೂಲು ಪಾಲಿಮರ್. ನಿಮ್ಮ ಮಗಳು ಬಳಸುವುದು ಬಹುಶಃ ಪಾಲಿಎಥಿಲೀನ್ ಗ್ಲೈಕಾಲ್. ಲ್ಯಾಬಿನಲ್ಲಿ ಎಲ್ಲರೂ ಪೆಗ್ ಎನ್ನುತ್ತಾರೆ, ನೀವು ಬೇರೇನೋ ಅಂದುಕೊಳ್ಳಬೇಡಿ. ನೀರೆಂದರೆ ಬಹಳ ಇಷ್ಟಪಡುವ ಉದ್ದನೆಯ ಎಳೆ ಇದು. ಒಂದು ತುದಿಗೆ ಗಂಧಕ ಜೋಡಿಸಿರುತ್ತಾರೆ. ಗಂಧಕ ತಾಗಿ ಬೆಳ್ಳಿ ಕಪ್ಪಾಗುವುದು ನಿಮಗೆ ಗೊತ್ತು. ಚಿನ್ನ ಹಾಗೆ ಕಪ್ಪಾಗುವುದಿಲ್ಲ, ಆದರೆ ಇಂಥ ಗಂಧಕದ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬೆಸುಗೆ ಹಾಕಿದ ಹಾಗೆ. ಸಿಟ್ರೇಟನ್ನು ಪಕ್ಕಕ್ಕೆ ತಳ್ಳಿ ನೂರಾರು ಎಳೆಗಳು ಒಂದೊಂದು ಕಣದ ಮೇಲೆ ನಿಲ್ಲುತ್ತವೆ.

ಆಗ ಕಣ ನೋಡಲು ಹೇಗಿರುತ್ತದೆ? ನಮ್ಮ ಊರಿನ ತೋಟಗಳಲ್ಲಿ ಈಗ ಜಾಸ್ತಿಯಾಗಿರುವ ರಂಬುಟಾನ್ ಹಣ್ಣಿನ ಹಾಗೆ. ಬುಟ್ಟಿ ತುಂಬ ರಂಬುಟಾನ್ ಸುರಿದರೂ ಮುಳ್ಳು ಮುಳ್ಳು ತಾಗುತ್ತದೆ ಹೊರತು ಹಣ್ಣಿಗೆ ಹಣ್ಣು ತಾಗುವುದಿಲ್ಲ. ಹಾಗೆಯೇ ಎರಡು ಕಣ ಹತ್ತಿರ ಬಂದಾಗ ಎಳೆಗಳು ಇಕ್ಕಟ್ಟಿಗೆ ಸಿಕ್ಕುತ್ತವೆ. ಅವಕ್ಕೆ ಆಡಲು ಜಾಗ ಬೇಕು, ಸುತ್ತ ನೀರು ಬೇಕು. ಹಾಗಾಗಿ ಕಣಗಳನ್ನು ಮತ್ತೆ ದೂರ ತಳ್ಳುತ್ತವೆ. ಈ ತಳ್ಳಾಟಕ್ಕೆ ವಿದ್ಯುತ್ತು ಬೇಡ. ಆದ್ದರಿಂದ ಉಪ್ಪಿಗೆ ಇಲ್ಲಿ ಕೆಲಸ ಇಲ್ಲ. ಪ್ರೊಟೀನಿಗೂ ಹೆಚ್ಚುಕಡಿಮೆ ಇದೇ ಗತಿ. ಹಲಸಿನ ಹಣ್ಣು ಬಿಡಿಸುವ ಮೊದಲು ಮೇಣ ಅಂಟದಿರಲಿ ಎಂದು ಕೈಗೆ ತೆಂಗಿನೆಣ್ಣೆ ಸವರುತ್ತೇವೆ. ಪೆಗ್ ಮಾಡುವುದು ಆ ಕೆಲಸವನ್ನೇ, ಆದರೆ ಎಣ್ಣೆಯ ಜಾಗದಲ್ಲಿ ಅದು ನೀರಿನ ಪದರವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಇದೇನೂ ನಿನ್ನೆ ಮೊನ್ನೆಯ ಬುದ್ಧಿಯಲ್ಲ. ವಿಯೆನ್ನಾದಲ್ಲಿ ಹುಟ್ಟಿದ ರಿಚರ್ಡ್ ಝಿಗ್‌ಮಂಡಿ ಕೆಂಪು ಚಿನ್ನದ ಹಿಂದೆ ವರ್ಷಗಟ್ಟಲೆ ಬಿದ್ದವರು, ರಸಾಯನಶಾಸ್ತ್ರಕ್ಕೆ ಸಿಗುವ 1925ರ ನೊಬೆಲ್ ಪಡೆದವರು. ಕೆಂಪು ಚಿನ್ನಕ್ಕೆ ಸ್ವಲ್ಪ ಜೆಲಾಟಿನ್ ಸೇರಿಸಿದರೆ ಉಪ್ಪು ಹಾಕಿದರೂ ಬಣ್ಣ ಕೆಡುವುದಿಲ್ಲ. ಯಾವ ವಸ್ತು ಎಷ್ಟು ಚೆನ್ನಾಗಿ ಕಾಪಾಡುತ್ತದೆ ಎಂದು ಅಳೆಯಲು ಅವರು ಒಂದು ಅಳತೆ ಮಾಡಿದರು. ಹತ್ತು ಮಿಲಿಲೀಟರ್ ಕೆಂಪು ಚಿನ್ನಕ್ಕೆ ನೂರಕ್ಕೆ ಹತ್ತರ ಉಪ್ಪುನೀರು ಒಂದು ಮಿಲಿಲೀಟರ್ ಹಾಕುವುದು. ಅದು ನೇರಳೆಯಾಗದಂತೆ ತಡೆಯಲು ಎಷ್ಟು ಮಿಲಿಗ್ರಾಂ ವಸ್ತು ಬೇಕೋ ಅದು ಆ ವಸ್ತುವಿನ ಚಿನ್ನದ ಸಂಖ್ಯೆ. ಸಂಖ್ಯೆ ಚಿಕ್ಕದಾದಷ್ಟೂ ರಕ್ಷಣೆ ಒಳ್ಳೆಯದು. ಜೆಲಾಟಿನ್‌ಗೆ ಬೇಕಾಗುವುದು ಒಂದು ಮಿಲಿಗ್ರಾಮಿನ ನೂರನೇ ಒಂದು ಪಾಲು, ಅದಕ್ಕಿಂತಲೂ ಕಡಿಮೆ. ಲೋಹದ ಗುಣ ನೋಡಲು ನೀವು ಒರೆಗಲ್ಲು ಇಟ್ಟುಕೊಂಡಿದ್ದೀರಿ. ಇವರು ಅಂಟುಗಳ ಗುಣ ನೋಡಲು ಚಿನ್ನವನ್ನೇ ಒರೆಗಲ್ಲು ಮಾಡಿಕೊಂಡರು.

ಸರಿ, ನಿಮ್ಮ ಎರಡನೇ ಪ್ರಶ್ನೆಗೆ ಬರೋಣ. ಅದು ಬಹಳ ಒಳ್ಳೆಯ ಪ್ರಶ್ನೆ. ಪ್ರಾಜೆಕ್ಟ್ ವರದಿ ಬರೆಯುವ ಎಷ್ಟೋ ಮಕ್ಕಳು ಇದನ್ನು ಕೇಳಿಕೊಳ್ಳುವುದೇ ಇಲ್ಲ. ಎಲ್ಲವನ್ನೂ ದೂರ ಇಡುವ ಅಂಗಿ ತೊಡಿಸಿದ ಮೇಲೆ, ಬೇಕಾದವನು ಬಂದದ್ದು ಗೊತ್ತಾಗುವುದು ಹೇಗೆ?

ಉತ್ತರ ಎಳೆಯ ಇನ್ನೊಂದು ತುದಿಯಲ್ಲಿದೆ. ಒಂದು ತುದಿ ಚಿನ್ನಕ್ಕೆ ಅಂಟಿದೆ, ಇನ್ನೊಂದು ಹೊರಗೆ ನೀರಿನಲ್ಲಿ ಆಡುತ್ತಿದೆ. ಎಲ್ಲ ಎಳೆಗಳಿಗೆ ಬೇಡ, ಕೆಲವಕ್ಕೆ ಮಾತ್ರ ಆ ಹೊರ ತುದಿಯಲ್ಲಿ ಒಂದು ಕೊಕ್ಕೆ ಕೂರಿಸುತ್ತಾರೆ. ಕೊಕ್ಕೆ ಎಂದರೆ ಆ್ಯಂಟಿಬಾಡಿ ಆಗಿರಬಹುದು, ಡಿಎನ್‌ಎ ತುಂಡು ಆಗಿರಬಹುದು. ಆ್ಯಂಟಿಬಾಡಿ ತನಗೆ ಹೊಂದುವ ಒಂದೇ ಒಂದು ಪ್ರೊಟೀನನ್ನು ಹಿಡಿಯುತ್ತದೆ, ಬೀಗಕ್ಕೆ ಅದರದೇ ಕೀಲಿ ಇದ್ದ ಹಾಗೆ. ಜಾಣರು ಎರಡು ಅಳತೆಯ ಎಳೆ ಬೆರೆಸುತ್ತಾರೆ. ಗಿಡ್ಡ ಎಳೆ ಜಾಸ್ತಿ, ಅವುಗಳ ಕೆಲಸ ಕಾವಲು. ನಡುನಡುವೆ ಉದ್ದದ ಎಳೆ ಕೆಲವು, ಅವುಗಳ ತುದಿಯಲ್ಲಿ ಕೊಕ್ಕೆ. ರೋಗದ ಪ್ರೊಟೀನಿಗೆ ಹಿಡಿಯಲು ಎರಡು ಮೂರು ಜಾಗ ಇದ್ದರೆ ಅದು ಒಂದು ಕಣದ ಕೊಕ್ಕೆಗೂ ಪಕ್ಕದ ಕಣದ ಕೊಕ್ಕೆಗೂ ಒಟ್ಟಿಗೆ ಸಿಕ್ಕಿ ಸೇತುವೆ ಕಟ್ಟುತ್ತದೆ. ಕಣಗಳು ಹತ್ತಿರ ಬರುತ್ತವೆ. ಕೆಂಪು ನೇರಳೆಗೆ ತಿರುಗುತ್ತದೆ. 1996ರಲ್ಲಿ ಅಮೆರಿಕದಲ್ಲಿ ಚಾಡ್ ಮಿರ್ಕಿನ್ ಮತ್ತು ಜೊತೆಗಾರರು ಡಿಎನ್‌ಎ ಎಳೆಗಳಿಂದ ಚಿನ್ನದ ಕಣಗಳನ್ನು ಹೀಗೆ ಕಟ್ಟಿ ತೋರಿಸಿದ ಮೇಲೆ ಜಗತ್ತಿನ ಎಲ್ಲ ಲ್ಯಾಬುಗಳಿಗೂ ಈ ಹುಚ್ಚು ಹಿಡಿಯಿತು. ನನಗೂ ಹಿಡಿಯಿತು ಎನ್ನಿ.

ನಾನು ಒಂದು ಮಾತನ್ನು ಎಲ್ಲ ವಿದ್ಯಾರ್ಥಿಗಳಿಗೂ ಹೇಳುತ್ತೇನೆ, ಕೇಳಿ ಕೇಳಿ ಅವರಿಗೆ ಬೇಸರ ಬಂದಿದೆ. ಚಿನ್ನಕ್ಕೆ ರೋಗ ಗೊತ್ತಾಗುವುದಿಲ್ಲ. ಗೊತ್ತಾಗುವುದು ಹೊದಿಕೆಗೆ. ಚಿನ್ನ ಬರೀ ಕೂಗಿ ಹೇಳುತ್ತದೆ. ಯಾರಿಗೆ ಬಾಗಿಲು ತೆರೆಯಬೇಕು, ಯಾರನ್ನು ಅಂಗಳದಲ್ಲೇ ನಿಲ್ಲಿಸಬೇಕು ಎನ್ನುವುದೆಲ್ಲ ಪಾಲಿಮರಿನ ಕೈಯಲ್ಲಿದೆ. ಹಾಗಾಗಿ ಒಳ್ಳೆಯ ಚಿನ್ನ ಮಾಡುವುದು ಒಂದು ಬೆಳಗ್ಗೆಯ ಕೆಲಸ, ಒಳ್ಳೆಯ ಹೊದಿಕೆ ಮಾಡುವುದು ವರ್ಷದ ಕೆಲಸ.

ಯಾಕೆ ಅಷ್ಟು ಕಷ್ಟ? ದಪ್ಪದ ಲೆಕ್ಕದಿಂದ. ಚಿನ್ನದ ಕಣಕ್ಕೆ ತನ್ನ ಮೈಗೆ ತೀರಾ ಹತ್ತಿರ ಇರುವುದು ಮಾತ್ರ ಗೊತ್ತಾಗುತ್ತದೆ. ಸುಮಾರು ತನ್ನ ಗಾತ್ರದಷ್ಟು ದೂರ ಹೋದರೆ ಮುಗಿಯಿತು, ಆಚೆ ಏನೇ ಬಂದು ಕೂತರೂ ಅದರ ಬಣ್ಣ ಕದಲುವುದಿಲ್ಲ. ಆ್ಯಂಟಿಬಾಡಿಯೇ ಹತ್ತು ಹದಿನೈದು ನ್ಯಾನೋಮೀಟರ್ ಉದ್ದ ಇದೆ. ಹೆಚ್ಚುಕಡಿಮೆ ಕಣದಷ್ಟೇ. ಅದರ ಕೆಳಗೆ ದಪ್ಪನೆಯ ಪಾಲಿಮರ್ ಹಾಸಿದರೆ ರೋಗದ ಪ್ರೊಟೀನ್ ಬಂದು ಕೂರುವ ಜಾಗ ಚಿನ್ನದ ಅಳವಿನಿಂದಲೇ ಆಚೆ. ರಕ್ಷಣೆ ಚೆನ್ನಾಗಿದೆ, ಚಿನ್ನ ಮಾತ್ರ ಕುರುಡು. ಹಾಗೆಂದು ತೆಳ್ಳಗೆ ಹಾಸಿದರೆ ಉಪ್ಪು ಒಳಗೆ ನುಗ್ಗುತ್ತದೆ. ಸರಕ್ಕೆ ತಂತಿ ಎಳೆಯುವಾಗ ನಿಮಗೂ ಈ ಪೇಚಾಟ ಇರುತ್ತದಲ್ಲ. ದಪ್ಪವಾದರೆ ಬಳುಕುವುದಿಲ್ಲ, ತೆಳುವಾದರೆ ತುಂಡಾಗುತ್ತದೆ. ಇದಕ್ಕೆ ಕೆಲವರು ದೊಡ್ಡ ಕಣ ತೆಗೆದುಕೊಳ್ಳುತ್ತಾರೆ, ಕೆಲವರು ಆ್ಯಂಟಿಬಾಡಿ ಬಿಟ್ಟು ಗಿಡ್ಡ ಡಿಎನ್‌ಎ ಕೊಕ್ಕೆ ಹಾಕುತ್ತಾರೆ. ಪಾಲಿಮರೇ ಕುಗ್ಗಿ ಹಿಗ್ಗುವ ಹಾಗೆ ಮಾಡುವವರೂ ಇದ್ದಾರೆ. ಸುಮಾರು 32 ಡಿಗ್ರಿ ದಾಟಿದ ಕೂಡಲೇ ನೀರು ಬಿಟ್ಟು ಮುದುಡಿಕೊಳ್ಳುವ ಪಾಲಿಮರ್ ಒಂದಿದೆ, ಅದನ್ನು ಪಿನಿಪಾಮ್ ಎನ್ನುತ್ತಾರೆ. ಲ್ಯಾಬಿನಲ್ಲಿ ಆಡಲು ಬಹಳ ಚೆಂದ. ಆದರೆ ಮೇ ತಿಂಗಳಲ್ಲಿ ಎ.ಸಿ. ಇಲ್ಲದ ಮಂಗಳೂರಿನ ಲ್ಯಾಬಿನಲ್ಲಿ ಅದು ಬೆಳಗ್ಗಿನಿಂದ ಸಂಜೆ ತನಕ ಮುದುಡಿಯೇ ಇರುತ್ತದೆ!

ಇನ್ನು ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ, ಹೊದಿಸಿದ ಚಿನ್ನಕ್ಕೆ ರೋಗದ ಪ್ರೊಟೀನ್ ಹಾಕಿದೆ. ಕ್ಷಣದಲ್ಲಿ ನೀಲಿ. ಇಡೀ ವಾರ ನೆಲದ ಮೇಲೆ ಕಾಲಿರಲಿಲ್ಲ. ಯಾರು ಬಂದರೂ ಬಾಟಲಿ ತೋರಿಸುವುದೇ ಕೆಲಸ. ಕುಂದಾಪುರ ಕಡೆಯ ಹುಡುಗಿ ಒಬ್ಬಳು ಆಗ ನಮ್ಮಲ್ಲಿ ಕೆಲಸಕ್ಕೆ ಸೇರಿದ್ದಳು. "ಸರ್, ಪ್ರೊಟೀನ್ ಇಲ್ಲದೆ ಬರೀ ಬಫರ್ ಹಾಕಿ ನೋಡಿದ್ದೀರಾ?" ಎಂದು ಮೆತ್ತಗೆ ಕೇಳಿದಳು. ಬಫರ್ ಎಂದರೆ ಪ್ರೊಟೀನ್ ಕರಗಿಸಿಡುವ, ಹುಳಿಯ ಹದ ಕಾಯುವ ಉಪ್ಪುನೀರು. ನೋಡಿರಲಿಲ್ಲ. ಹಾಕಿದೆವು. ಅದಕ್ಕೂ ನೀಲಿ. ಪ್ರೊಟೀನ್ ಕರಗಿಸಿದ್ದ ಬಫರಿನ ಉಪ್ಪೇ ನನ್ನ ಸಂಭ್ರಮಕ್ಕೆ ಕಾರಣ. ನನ್ನ ಹೊದಿಕೆ ಅಲ್ಲಲ್ಲಿ ಹರಿದಿತ್ತು. ಪಾಲಿಮರ್ ಹಳೆಯದು, ತುದಿಯ ಗಂಧಕ ಗಾಳಿಗೆ ಕೆಟ್ಟು ಹೋಗಿ ಚಿನ್ನಕ್ಕೆ ಸರಿಯಾಗಿ ಹಿಡಿದಿರಲಿಲ್ಲ. ಆಮೇಲಿಂದ ನನ್ನ ಲ್ಯಾಬಿನಲ್ಲಿ ಉಪ್ಪಿನ ಪರೀಕ್ಷೆ ಆಗದೆ ಯಾವ ಬಾಟಲಿಯೂ ಮುಂದಕ್ಕೆ ಹೋಗುವುದಿಲ್ಲ.

ಭಟ್ಟಿ ಇಳಿಸಿದ ಶುದ್ಧ ನೀರಿನಲ್ಲಿ ರೋಗ ಹುಡುಕುವ ಇಂಥ ಸೆನ್ಸರುಗಳೆಲ್ಲ ಕೆಲಸ ಮಾಡುತ್ತವೆ ಆಚಾರ್ಯರೇ. ರಕ್ತದಲ್ಲಿ ಮಾಡಬೇಕು, ಅದು ಸಾಹಸ. ರಕ್ತದ ಕೆಂಪೂ ಒಂದು ಅಡ್ಡಿ. ಹಿಮೋಗ್ಲೋಬಿನ್ ನುಂಗುವ ಬೆಳಕು ಚಿನ್ನ ನುಂಗುವ ಬೆಳಕಿನ ಪಕ್ಕದಲ್ಲೇ ಇದೆ. ಕೆಂಪು ರಕ್ತದೊಳಗೆ ಕೆಂಪು ಚಿನ್ನದ ಬಣ್ಣ ನೋಡುವುದು ಕತ್ತಲೆಯಲ್ಲಿ ಕಪ್ಪು ಬೆಕ್ಕು ಹುಡುಕಿದ ಹಾಗೆ. ಅದಕ್ಕೆ ರಕ್ತಕಣ ತೆಗೆದ ಸೀರಮ್ ಬಳಸುತ್ತಾರೆ.

ಅಥವಾ ಪಟ್ಟಿಯ ದಾರಿ ಹಿಡಿಯುತ್ತಾರೆ. ಈ ಚಿನ್ನವನ್ನು ನೀವು ನೋಡಿಲ್ಲ ಎಂದಿರಿ. ನೋಡಿದ್ದೀರಿ, ಗೊತ್ತಾಗಲಿಲ್ಲ ಅಷ್ಟೆ. ಗರ್ಭ ಪರೀಕ್ಷೆಯ ಪಟ್ಟಿಯಲ್ಲಿ, ಕೊರೋನಾ ಕಾಲದಲ್ಲಿ ಮನೆಮನೆಗೆ ಬಂದ ರ‍್ಯಾಪಿಡ್ ಕಿಟ್‌ನಲ್ಲಿ ಮೂಡುವ ಕೆಂಪು ಗೆರೆ ಹೆಚ್ಚಿನ ಕಂಪನಿಗಳದ್ದರಲ್ಲಿ ಚಿನ್ನದ್ದೇ. ಮಂಗಳೂರಿನವರಿಗೆ ಜಾಸ್ತಿ ಪರಿಚಯ ಮಲೇರಿಯಾ ಕಾರ್ಡು. ಒಂದು ಹನಿ ರಕ್ತ, ಕೆಲವು ಹನಿ ಬಫರ್. ರಕ್ತಕಣ ಒಡೆದು ಕಾಗದದಂಥ ಪೊರೆಯ ಮೇಲೆ ಹರಿಯುತ್ತದೆ. ದಾರಿಯಲ್ಲಿ ಒಣಗಿಸಿಟ್ಟ ಚಿನ್ನದ ಕಣಗಳನ್ನೂ ಎಬ್ಬಿಸಿಕೊಂಡು ಹೋಗುತ್ತದೆ. ಮಲೇರಿಯಾದ ಪ್ರೊಟೀನ್ ಇದ್ದರೆ ಚಿನ್ನ ಅದನ್ನು ಹಿಡಿಯುತ್ತದೆ, ಮುಂದೆ ಗೆರೆಯಲ್ಲಿ ಕಾದು ಕುಳಿತ ಇನ್ನೊಂದು ಆ್ಯಂಟಿಬಾಡಿ ಎರಡನ್ನೂ ಒಟ್ಟಿಗೆ ಹಿಡಿದು ನಿಲ್ಲಿಸುತ್ತದೆ. ಲಕ್ಷಾಂತರ ಕಣ ಒಂದೇ ಕಡೆ ನಿಂತಾಗ ಕೆಂಪು ಗೆರೆ. ಬಣ್ಣ ಬದಲಾಗಬೇಕಿಲ್ಲ, ಒಂದು ಕಡೆ ಸೇರಿದರೆ ಸಾಕು. ದಪ್ಪದ ತಲೆನೋವು ಇಲ್ಲಿ ಇಲ್ಲ, ಅದಕ್ಕೇ ಈ ದಾರಿ ಗೆದ್ದಿತು. ನಮ್ಮಲ್ಲಿ ಜಾಸ್ತಿ ಕಾಣುವುದು ವೈವಾಕ್ಸ್ ಮಲೇರಿಯಾ. ಫಾಲ್ಸಿಪಾರಮ್ ಎನ್ನುವ ಇನ್ನೊಂದು ಬಗೆಯ ಮಲೇರಿಯಾದ ಎಚ್‌ಆರ್‌ಪಿ-2 ಪ್ರೊಟೀನ್ ಹಿಡಿಯುವ ಗೆರೆ ಒಂದೇ ಇರುವ ಕಾರ್ಡಿಗೆ ವೈವಾಕ್ಸ್ ಗೊತ್ತಾಗುವುದಿಲ್ಲ. ಇನ್ನೊಂದು ಪ್ರೊಟೀನಿಗೆ ಬೇರೆ ಗೆರೆ ಬೇಕು. ಚಿನ್ನ ಅದೇ, ಕೊಕ್ಕೆ ಬೇರೆ.

ಪಟ್ಟಿಯಲ್ಲೂ ಹೊದಿಕೆಗೆ ದೊಡ್ಡ ಪಾತ್ರ ಇದೆ. ಒಣಗಿದ ಚಿನ್ನ ನೀರು ತಾಗಿದ ಕೂಡಲೇ ಬಿಡಿಬಿಡಿಯಾಗಿ ಏಳಬೇಕು. ಅದಕ್ಕೆ ಪ್ರೊಟೀನ್, ಪೆಗ್, ಜೊತೆಗೆ ಸಕ್ಕರೆ ಸೇರಿಸಿ ಒಣಗಿಸುತ್ತಾರೆ. ನಮ್ಮ ಮಳೆಗಾಲದ ಗಾಳಿಯಲ್ಲಿ ಪೊಟ್ಟಣ ಒಡೆದು ಇಟ್ಟರೆ ಹಪ್ಪಳ ಮೆತ್ತಗಾದ ಹಾಗೆ ಅದೂ ತೇವ ಎಳೆದುಕೊಂಡು ಕೆಡುತ್ತದೆ. ರಕ್ತ ತೆಗೆಯಲು ಸಿದ್ಧವಾದ ಮೇಲೆಯೇ ಪೊಟ್ಟಣ ಒಡೆಯಬೇಕು. ಹೇಳಿದ ನಿಮಿಷಕ್ಕೆ ಸರಿಯಾಗಿ ಓದಬೇಕು. ಮರುದಿನ ಕಂಡ ಗೆರೆಗೆ ಬೆಲೆ ಇಲ್ಲ.

ಮಗಳು ಕೈಟೊಸಾನ್ ಹೆಸರು ಹೇಳಿದ್ದಾಳಾ? ಕರಾವಳಿಯ ಪ್ರಾಜೆಕ್ಟುಗಳಲ್ಲಿ ಇದು ಬಾರದೆ ಇರುವುದಿಲ್ಲ. ಸಿಗಡಿ, ಏಡಿಯ ಚಿಪ್ಪಿನಿಂದ ಮಾಡುವ ಪಾಲಿಮರ್. ಚಿಪ್ಪಿನ ಸುಣ್ಣವನ್ನು ಆಸಿಡ್‌ನಲ್ಲಿ, ಪ್ರೊಟೀನನ್ನು ಕಾಸ್ಟಿಕ್ ಸೋಡಾದಲ್ಲಿ ತೆಗೆದು, ಮತ್ತೆ ಗಟ್ಟಿ ಕಾಸ್ಟಿಕ್‌ನಲ್ಲಿ ಕಾಯಿಸಿದರೆ ಸಿಗುತ್ತದೆ. ಅಗ್ಗ, ಚಿಪ್ಪಿಗೆ ನಮ್ಮಲ್ಲಿ ಬರ ಇಲ್ಲ, ಚಿನ್ನದ ಉಪ್ಪನ್ನು ಅದೇ ಕಣವಾಗಿಸುತ್ತದೆ, ಸಿಟ್ರೇಟೂ ಬೇಡ. ಎಲ್ಲ ಸರಿ. ಆದರೆ ರಕ್ತದ ಪರೀಕ್ಷೆಗೆ ನಾನು ಅದನ್ನು ಆರಿಸುವುದಿಲ್ಲ. ಕೈಟೊಸಾನ್ ಕರಗುವುದು ವಿನೆಗರಿನಂಥ ಹುಳಿ ನೀರಿನಲ್ಲಿ. ಅಲ್ಲಿ ಅದಕ್ಕೆ ಧನ ವಿದ್ಯುತ್ತು ಇರುತ್ತದೆ. ರಕ್ತಕ್ಕೆ ಆ ಹುಳಿ ಇಲ್ಲ. ಅಲ್ಲಿ ವಿದ್ಯುತ್ತು ಕಳೆದುಕೊಂಡು ಮುದ್ದೆಯಾಗುತ್ತದೆ. ಉಳಿದ ಅಲ್ಪಸ್ವಲ್ಪ ಧನ ವಿದ್ಯುತ್ತಿಗೆ ರಕ್ತದ ಪ್ರೊಟೀನುಗಳು ಬಂದು ಅಂಟುತ್ತವೆ. ಊರಿನ ವಸ್ತು ಎನ್ನುವ ಅಭಿಮಾನ ಇರಲಿ, ಹದ ನೋಡಿ ಬಳಸಲಿ.

ನಿಮ್ಮ ಕಸುಬಿಗೆ ಹತ್ತಿರವಾದ ಇನ್ನೊಂದು ಹೊದಿಕೆ ಇದೆ, ಅಚ್ಚಿನದು. ನೀವು ಮೇಣದ ಗೊಂಬೆ ಮಾಡಿ, ಸುತ್ತ ಮಣ್ಣು ಮೆತ್ತಿ, ಮೇಣ ಕರಗಿಸಿ ಹೊರಗೆ ಬಿಟ್ಟರೆ ಗೊಂಬೆಯ ಆಕಾರದ ಖಾಲಿ ಜಾಗ ಉಳಿಯುತ್ತದಲ್ಲ. ಹಾಗೆಯೇ ನಮಗೆ ಬೇಕಾದ ಅಣುವಿನ ಸುತ್ತ ಪಾಲಿಮರ್ ಬೆಳೆಸುತ್ತಾರೆ, ಆಮೇಲೆ ಅಣುವನ್ನು ತೊಳೆದು ತೆಗೆಯುತ್ತಾರೆ. ಅದರ ಆಕಾರದ ಗೂಡು ಉಳಿಯುತ್ತದೆ. ಮತ್ತೆ ಅದೇ ಅಣು ಬಂದರೆ ಗೂಡಿಗೆ ಕೂರುತ್ತದೆ. ಆ್ಯಂಟಿಬಾಡಿಯ ಹಾಗೆ ಫ್ರಿಜ್ಜಿನಲ್ಲಿ ಇಡಬೇಕಿಲ್ಲ. ಕೆಟ್ಟ ಬಂಗುಡೆಯಲ್ಲಿ ಹಿಸ್ಟಮಿನ್ ಎನ್ನುವ ವಸ್ತು ಹುಟ್ಟುತ್ತದೆ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ತಿಂದರೆ ಮುಖ ಕೆಂಪಾಗಿ ತುರಿಕೆ ಬರುತ್ತದೆ. ಅಂಥ ಚಿಕ್ಕ ಅಣುಗಳನ್ನು ಹಿಡಿಯಲು ಈ ಅಚ್ಚಿನ ಹೊದಿಕೆ ಒಳ್ಳೆಯದು. ಮೀನು ಇಳಿಸುವ ಧಕ್ಕೆಯಲ್ಲೇ ನಿಂತು ನೋಡುವಂಥ ಒಂದು ಪಟ್ಟಿ ಇದರಿಂದ ಬಂದರೆ ನಮ್ಮ ಊರಿಗೆ ಉಪಕಾರ. ನನಗೆ ಪ್ರಾಜೆಕ್ಟ್ ಆರಿಸಲು ಬಿಟ್ಟರೆ ಇದನ್ನೇ ಆರಿಸುತ್ತೇನೆ.

ಸ್ವರ್ಣಭಸ್ಮಕ್ಕೂ ಇದಕ್ಕೂ ಸಂಬಂಧ ಹಚ್ಚಬೇಡಿ. ಅದು ಪುಟ ಹಾಕಿ ಮಾಡುವ ಔಷಧಿ, ಮಾಡುವ ಕ್ರಮ ಬೇರೆ, ಉದ್ದೇಶ ಬೇರೆ. ಇದು ದೇಹದ ಹೊರಗೆ, ಬಾಟಲಿಯಲ್ಲೋ ಪಟ್ಟಿಯಲ್ಲೋ ಇರುವ ಪರೀಕ್ಷೆ. ಪುನರ್ಪುಳಿ ಬಣ್ಣ ಇದೆ ಎಂದು ಯಾರೂ ಕುಡಿಯದಿರಲಿ.

ಇನ್ನು ಖರ್ಚಿನ ವಿಷಯ. ನೂರು ಮಿಲಿಲೀಟರಿನ ಫ್ಲಾಸ್ಕಿನಲ್ಲಿ, ಸಾಮಾನ್ಯ ಹದದಲ್ಲಿ ಮಾಡಿದರೆ, ಇರುವುದು ಸುಮಾರು 20 ಮಿಲಿಗ್ರಾಂ ಚಿನ್ನ. ಬಳೆಗೆ ಅರ ಹಾಕುವಾಗ ನಿಮ್ಮ ಮೇಜಿನ ಧೂಳಿನಲ್ಲಿ ಅಷ್ಟು ಬಿದ್ದಿರುತ್ತದೆ, ಅಲ್ವಾ? ಪಟ್ಟಿಯಲ್ಲಂತೂ ಮೈಕ್ರೋಗ್ರಾಂ ಲೆಕ್ಕ. ಒಂದಕ್ಕೆ ಮೂರು ಮೈಕ್ರೋಗ್ರಾಂ ಎಂದಿಟ್ಟುಕೊಂಡರೂ ಒಂದು ಗ್ರಾಂ ಚಿನ್ನದಲ್ಲಿ ಮೂರು ಲಕ್ಷ ಪಟ್ಟಿ. ಹುಡಿ ಮಾಡಿದಷ್ಟೂ ಮೈ ಜಾಸ್ತಿಯಾಗುತ್ತದೆ. ಒಂದು ಪವನ್, ಅಂದರೆ ಎಂಟು ಗ್ರಾಂ ಚಿನ್ನವನ್ನು 13 ನ್ಯಾನೋಮೀಟರ್ ಕಣ ಮಾಡಿದರೆ ಅವೆಲ್ಲದರ ಮೈ ಸೇರಿ ಸುಮಾರು 190 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಎರಡು ಸಾವಿರ ಚದರಡಿ ಮನೆಯ ನೆಲ. ಇಲ್ಲಿ ದುಬಾರಿ ಆ್ಯಂಟಿಬಾಡಿ, ಚಿನ್ನ ಅಲ್ಲ.

ಮುಂದಿನ ಸಲ ಮಗಳು ಬರುವಾಗ ಎರಡು ಚಿಕ್ಕ ಬಾಟಲಿ ತರಲು ಹೇಳಿ. ಹೊಸದಾಗಿ ಮಾಡಿದ್ದು, ರಕ್ತ ಸೀರಮ್ ಏನೂ ತಾಗದ್ದು, ಗೈಡ್ ಒಪ್ಪಿದರೆ ಮಾತ್ರ. ಒಂದರಲ್ಲಿ ಬರೀ ಸಿಟ್ರೇಟ್ ಚಿನ್ನ ಹತ್ತು ಮಿಲಿಲೀಟರ್, ಇನ್ನೊಂದರಲ್ಲಿ ಹೊದಿಸಿದ್ದು. ಎರಡಕ್ಕೂ ಒಂದೊಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಅಲುಗಾಡಿಸಿ. ಒಂದು ನಿಮ್ಮ ಕಣ್ಣೆದುರೇ ನೀಲಿಯಾಗುತ್ತದೆ. ಇನ್ನೊಂದು ಕೆಂಪಾಗಿಯೇ ಇದ್ದರೆ ಮಗಳ ಹೊದಿಕೆ ಪಾಸಾಯಿತು. ಇಲ್ಲದಿದ್ದರೆ ಅವಳು ಮತ್ತೆ ಲ್ಯಾಬಿಗೆ ಹೋಗಬೇಕು, ಅದನ್ನು ನೀವೇ ಹೇಳಬಹುದು. ನೀಲಿಯಾದದ್ದನ್ನು ಚೆಲ್ಲಬೇಡಿ. ಒಂದೆರಡು ದಿನ ಅಲುಗಾಡಿಸದೆ ಬಿಟ್ಟರೆ ಅಡಿಯಲ್ಲಿ ಕಪ್ಪು ಪುಡಿ ಕೂರುತ್ತದೆ. ಮೇಲಿನ ನೀರು ಬಸಿದು, ತೊಳೆದು, ಒಣಗಿಸಿ, ಚೂರು ಬಿಳಿಗಾರ ಹಾಕಿ ಊದಿ ಕರಗಿಸಿ. ಅರ್ಧ ಮಿಲಿಮೀಟರಿನ ಹಳದಿ ಗುಂಡು ಬರುತ್ತದೆ, ಸಾಸಿವೆಗಿಂತ ಚಿಕ್ಕದು. ಅದನ್ನು ಚಿಮಟದಲ್ಲಿ ಹಿಡಿದು ಒರೆಗಲ್ಲಿಗೆ ಉಜ್ಜಿ, ಟಚ್ (ಶುದ್ಧತೆ) ಎಷ್ಟು ಬಂತು ಎಂದು ಈ ಸಲ ಅವಳಿಗೆ ನೀವು ಹೇಳಿ.